ಮಹಾಕೂಟದಲ್ಲಿ ಮಾಡಿಸಿದ ಆಣೆ

ಪಟ್ಟಣ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷೇತರಳಾಗಿ ಗೆದ್ದ ಸುನಂದಾ ಸೀರೆ ನೇಯುವ ಮನೆಯವಳು. ಮಳೆ ಬಂದರೆ ಗಟಾರದ ನೀರು ಮನೆಯೊಳಗೆ ನುಗ್ಗುವ ಓಣಿ ಅವಳದು. ಆ ಓಣಿಯವರೇ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದರು.

ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು ಎಂಬ ಸುದ್ದಿ ಬಂದದ್ದೇ ತಡ, ಗುತ್ತಿಗೆದಾರ ನಾಗಲಿಂಗ ಬಾಗಿಲಿಗೆ ಬಂದ. ಅವನ ಹೆಂಡತಿ ಬಸವೇಶ್ವರಿಯೂ ಗೆದ್ದ ಸದಸ್ಯೆ.

"ಮೆಂಬರ್ ಎಲ್ಲಾರೂ ಕೂಡಿ ಮಹಾಕೂಟಕ್ಕ ಹೋಗಿ ಬರೂಣು ಬರ್ರಿ ಅಕ್ಕಾರ" ಎಂದ.

ದೇವರ ದರ್ಶನವೆಂದು ನಂಬಿ ಸುನಂದಾ ಹೊರಟಳು. ಬಸ್ಸು ಹತ್ತಿದ ಕೂಡಲೇ ನಾಗಲಿಂಗನ ಕಡೆಯವರು ಎಲ್ಲರ ಫೋನು ಇಸಿದುಕೊಂಡರು. ಮಹಾಕೂಟದ ಹೊಂಡದಲ್ಲಿ ಒಬ್ಬೊಬ್ಬರನ್ನೇ ನೀರಿಗಿಳಿಸಿ, ಅಂಗೈಯಲ್ಲಿ ಬಿಲ್ವಪತ್ರಿ ಇಟ್ಟು, ಬಸವೇಶ್ವರಿಗೇ ಕೈ ಎತ್ತುತ್ತೇವೆಂದು ಆಣೆ ಮಾಡಿಸತೊಡಗಿದರು. ಹಿರಿಯ ಸದಸ್ಯ ರಾಚಪ್ಪ ಪ್ರಚಾರದಲ್ಲಿ ನಾಗಲಿಂಗನನ್ನು ಕಳ್ಳನೆಂದು ಕರೆದಿದ್ದವನು. ಒದ್ದೆ ಧೋತರದಲ್ಲಿ ನಡುಗುತ್ತ ಎಲ್ಲರಿಗಿಂತ ಮೊದಲು ಅವನೇ ಆಣೆ ಮಾಡಿದ. ಸುನಂದಾ ಹೇಸಿ ದಂಡೆಯಿಂದ ಹಿಂದೆ ಸರಿದಳು.

ಬಸವೇಶ್ವರಿ ಮೆಟ್ಟಿಲ ಮೇಲೆ ಸೆರಗು ಹೊದ್ದು ನಿಂತಿದ್ದಳು. ಸುನಂದಾ ಹತ್ತಿರ ಹೋಗಿ ಕೇಳಿದಳು: "ಅಕ್ಕಾರ, ಅಧ್ಯಕ್ಷ ಆಗೂದು ನಿಮಗ ಮನಸ್ಸೈತೇನ್ರಿ?"

"ನನಗೇನ್ ಗೊತ್ರಿ? ಅವರನ್ನ ಕೇಳ್ರಿ" ಎಂದು ಬಸವೇಶ್ವರಿ ಮುಖ ತಿರುಗಿಸಿದಳು.

"ನಾ ನೀರಿಗೆ ಇಳಿಯಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ ಸುನಂದಾ ನಾಗಲಿಂಗನ ಕಡೆಯವನ ಕೈಯಿಂದ ತನ್ನ ಫೋನು ಕಸಿದುಕೊಂಡಳು. ರಸ್ತೆಗೆ ಬಂದು, ಸಿಕ್ಕ ಟೆಂಪೋ ಹತ್ತಿ ಬಾದಾಮಿಯಲ್ಲಿ ಇಳಿದು ಊರಿಗೆ ಬಂದಳು.

ಆಯ್ಕೆಯ ದಿನ ಮಹಾಕೂಟಕ್ಕೆ ಬಾರದಿದ್ದ ಎದುರು ಬಣದ ಸದಸ್ಯರೂ ಯಾವುದೋ ರೆಸಾರ್ಟಿನಿಂದ ನೇರವಾಗಿ ಸಭೆಗೇ ಬಂದಿಳಿದರು. ಸುನಂದಾ ಯಾರಿಗೂ ಕೈ ಎತ್ತಲಿಲ್ಲ. ಬಸವೇಶ್ವರಿ ಗೆದ್ದಳೆಂದು ಚುನಾವಣಾಧಿಕಾರಿ ಘೋಷಿಸಿದ. ಅಷ್ಟರಲ್ಲಿ ಒಳನುಗ್ಗಿದ ನಾಗಲಿಂಗ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಹಾರಕ್ಕೆ ಕೊರಳೊಡ್ಡಿದ.

"ಸಾಹೇಬ್ರ, ಆರಿಸಿ ಬಂದಾಕಿ ಅಲ್ಲಿ ನಿಂತಾಳ. ಕುಂತಾಂವ ಯಾರು?" ಸುನಂದಾ ಕೇಳಿದಳು.

"ನನ್ನ ಕೆಲಸ ಮುಗೀತ್ರಿ ಅಮ್ಮಾರ" ಎಂದು ಅಧಿಕಾರಿ ಎದ್ದುಹೋದ. ರಾಚಪ್ಪ ಚಪ್ಪಾಳೆ ತಟ್ಟಿದ.

ಓಣಿಗೆ ಬಂದರೆ ಪಕ್ಕದ ಮನೆಯ ಸಕ್ರವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಪ್ರಚಾರದಲ್ಲಿ ಸುನಂದಾಳ ಜೊತೆ ಮನೆಮನೆ ತಿರುಗಿದವಳು.

"ಎಲ್ಲಾರಂಗ ನೀನೂ ಕೈ ಎತ್ತಿದ್ರ ಏನ್ ಹೋಗ್ತಿತ್ತವಾ? ಇನ್ನ ನಮ್ಮ ಓಣಿ ಕೆಲಸ ಯಾರ್ ಮಾಡ್ತಾರ?"

ಹೊಂಡದ ದಂಡೆಯ ಮೇಲೆ ಬಂದ ಹೇಸಿಗೆಗಿಂತ ಇದು ಹೆಚ್ಚು ಕಹಿಯಾಗಿತ್ತು. "ಎತ್ತಿದ್ರ ಆ ಕೈಲೆ ನಾ ಊಟ ಹೆಂಗ ಮಾಡ್ಲಿ ಯವ್ವಾ?" ಎಂದಳು ಸುನಂದಾ.

ಸಕ್ರವ್ವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಬಹಳ ದಿನ ಓಣಿಯವರು ಸುನಂದಾಳನ್ನು ಮಾತಾಡಿಸಲಿಲ್ಲ.