ತಾರಸಿ ಪೈಪಿನಿಂದ ಎದ್ದ ಹೊಗೆ

ನಮ್ಮ ಅತ್ತಿಗೆ ನಗರಸಭೆಯ ಒಳಚರಂಡಿ ವಿಭಾಗದಲ್ಲಿ ಎಂಜಿನಿಯರ್. ಊರಿನ ಒಳಚರಂಡಿಗೆ ಆಗಲೇ ನೂರು ವರ್ಷ ದಾಟಿತ್ತು. ಜೋರು ಮಳೆ ಹೊಯ್ದರೆ ಮ್ಯಾನ್‌ಹೋಲಿನ ಮುಚ್ಚಳಗಳೇ ಎದ್ದು, ಕೊಳಚೆಯೆಲ್ಲ ಕೆಳಗಿನ ಬೀದಿಯ ಮನೆಗಳಿಗೆ ನುಗ್ಗುತ್ತಿತ್ತು. ಅಲ್ಲಿನವರು ಮೋಡ ಕಂಡರೆ ಸಾಕು, ಹಾಸಿಗೆ, ದಿನಸಿ ಡಬ್ಬಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು.

ಇದನ್ನು ಸರಿಪಡಿಸುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಇನ್ನೂ ದೊಡ್ಡ ಪೈಪು ಹಾಕಿ ಕೈತೊಳೆದುಕೊಳ್ಳೋಣ ಎಂದರು ಮೇಲಧಿಕಾರಿ.

"ಮಳೆ ಬಂತು ಅಂತ ಯಾರೂ ಜಾಸ್ತಿ ಸ್ನಾನ ಮಾಡಲ್ಲ ಸಾರ್," ಎಂದಳು ಅತ್ತಿಗೆ. "ಮಳೆನೀರು ಚರಂಡಿಗೆ ಎಲ್ಲಿಂದ ಸೇರ್ತಿದೆ ಅಂತ ಮೊದ್ಲು ಹುಡುಕೋಣ."

ಹುಡುಕುವ ಉಪಾಯ ಸರಳವಾಗಿತ್ತು. ಮ್ಯಾನ್‌ಹೋಲಿನ ಬಾಯಿಗೆ ಯಂತ್ರವಿಟ್ಟು ಒಳಗೆ ಬಿಳಿ ಹೊಗೆ ಊದುವುದು. ಯಾರು ತಾರಸಿಯ ಮಳೆನೀರಿನ ಪೈಪನ್ನು ಚರಂಡಿಗೆ ಜೋಡಿಸಿದ್ದಾರೋ ಅವರ ತಾರಸಿಯಲ್ಲಿ ಹೊಗೆ ಏಳುತ್ತದೆ. ಅತ್ತಿಗೆ ಎಂಟು ತಿಂಗಳು ಬೀದಿ ಬೀದಿ ಅಲೆದಳು. ಜನ ಅವಳಿಗೆ 'ಹೊಗೆ ಮೇಡಂ' ಎಂದೇ ಹೆಸರಿಟ್ಟರು.

ಒಂದು ಬೆಳಿಗ್ಗೆ ನಮ್ಮ ಬೀದಿಯ ಸರದಿ ಬಂತು. ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದ ಅಪ್ಪ, ಯಾರ ಮನೆಯ ಬಂಡವಾಳ ಬಯಲಾಗುತ್ತದೋ ನೋಡೋಣವೆಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೊದಲ ಹೊಗೆ ಎದ್ದದ್ದು ಅವರ ತಲೆಯ ಮೇಲೆಯೇ.

"ಏನ್ ಮೇಸ್ತ್ರಿಗಳೇ, ದೀಪದ ಬುಡದಲ್ಲೇ ಕತ್ತಲಾ?" ಎಂದು ಎದುರಂಗಡಿಯ ದರ್ಜಿ ಕೂಗಿದ.

"ನಾನೇ ಕೈಯಾರೆ ಜೋಡಿಸಿದ್ದು ಕಣೋ. ನಮ್ಮ ಅಂಗಳದಲ್ಲಿ ಒಂದು ಹನಿ ನಿಲ್ಲಲ್ಲ!" ಎಂದರು ಅಪ್ಪ.

ಅತ್ತಿಗೆ ಮೆಟ್ಟಿಲ ಮೇಲೆಯೇ ಕೂತು ನೋಟಿಸು ಬರೆದು ಮುಂದೆ ಹಿಡಿದಳು. "ಮಾವ, ಇಲ್ಲೊಂದು ಸಹಿ ಹಾಕಿ."

"ನನಗೇ ನೋಟಿಸಾ? ಈ ಮನೆ ಸೊಸೆ ಅಲ್ವೇನಮ್ಮ ನೀನು?"

"ಅದಕ್ಕೇ ಮಾವ. ನಿಮಗೆ ಕೊಡದೆ ಬೇರೆಯವರಿಗೆ ಯಾವ ಮುಖ ಇಟ್ಕೊಂಡು ಕೊಡ್ಲಿ?"

ಎರಡು ದಿನ ಅಪ್ಪ ಅವಳೊಂದಿಗೆ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಮಾತ್ರ, ಮುಖ ತಿರುಗಿಸಿಕೊಂಡೇ, ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಅತ್ತಿಗೆ ವಾದಕ್ಕಿಳಿಯಲಿಲ್ಲ. ಮೂರನೆಯ ಸಂಜೆ ಅಪ್ಪನನ್ನೂ ನನ್ನನ್ನೂ ಕೆಳಗಿನ ಬೀದಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಮನೆಯ ಅಜ್ಜಿ, ಪ್ರತಿ ವರ್ಷ ಕೊಳಚೆ ಏರಿದ ಮಟ್ಟಕ್ಕೆ ಗೋಡೆಯಲ್ಲಿ ಇದ್ದಿಲಿನಿಂದ ಗೆರೆ ಎಳೆದಿದ್ದಳು. ಒಂದು ಗೆರೆ ಅಪ್ಪನ ಎದೆಮಟ್ಟಕ್ಕಿತ್ತು.

"ಅವತ್ತು ಮೊಮ್ಮಗಳನ್ನ ಬೀರು ಮೇಲೆ ಕೂರಿಸಿದ್ದೆ," ಎಂದಳು ಅಜ್ಜಿ.

ಅಪ್ಪ ಗೋಡೆಯನ್ನು ಉಗುರಿನಿಂದ ಕೆರೆದರು. ಗಾರೆ ಪುಡಿಪುಡಿಯಾಗಿ ಉದುರಿತು.

ಮರುದಿನ ನಮಗೆ ಎಚ್ಚರವಾದದ್ದು ಉಳಿ ಸುತ್ತಿಗೆಯ ಸದ್ದಿಗೆ. ಅಪ್ಪ ಪೈಪು ಕಡಿದು, ಚರಂಡಿಯ ಬಾಯಿ ಮುಚ್ಚಿ, ಹಿತ್ತಿಲಲ್ಲಿ ಇಂಗುಗುಂಡಿ ತೋಡಿ ಜಲ್ಲಿ ತುಂಬಿದರು. ಅದನ್ನು ನೋಡಲು ಬಂದ ದರ್ಜಿ, "ನಮ್ಮನೇದೂ ಮಾಡ್ಕೊಡಿ ಮೇಸ್ತ್ರಿಗಳೇ" ಎಂದು ತಲೆ ಕೆರೆದುಕೊಂಡ. ಅಲ್ಲಿಂದ ಬೀದಿಯಿಂದ ಬೀದಿಗೆ ಅಪ್ಪನಿಗೆ ಕರೆ ಬಂತು.

ಅತ್ತ ಅತ್ತಿಗೆ ಒಡೆದ ಹಳೆಯ ಕೊಳವೆಗಳನ್ನು ಬದಲಿಸಿದಳು, ಮಳೆನೀರಿಗೆಂದೇ ಬೇರೆ ಪೈಪು ಹಾಕಿಸಿದಳು. ಗುಂಡಿಗೆ ತಾನೇ ಇಳಿದು ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡುತ್ತಿದ್ದಳು. ಗುತ್ತಿಗೆದಾರ ಗೊಣಗಿದರೆ, "ಮಣ್ಣು ಮುಚ್ಚಿದ್ಮೇಲೆ ಯಾರೂ ನೋಡಲ್ವಲ್ಲ, ಅದಕ್ಕೇ ಈಗ ನೋಡ್ತಿದೀನಿ" ಎನ್ನುತ್ತಿದ್ದಳು.

ಮೂರನೆಯ ವರ್ಷ ಎರಡು ದಿನ ಬಿಡದೆ ಮಳೆ ಸುರಿಯಿತು. ಕೊಡೆ ಹಿಡಿದು ನಾವು ಕೆಳಗಿನ ಬೀದಿಗೆ ಓಡಿದೆವು. ಒಂದು ಮ್ಯಾನ್‌ಹೋಲಿನ ಮುಚ್ಚಳವೂ ಅಲುಗಿರಲಿಲ್ಲ. ತಿರುವಿನಲ್ಲಿ ಮಾತ್ರ ಪಾದ ಮುಳುಗುವಷ್ಟು ಬರೀ ಮಳೆನೀರು ನಿಂತಿತ್ತು. ಜನ ಅತ್ತಿಗೆಯನ್ನು ಸುತ್ತುವರಿದು ಹೊಗಳುತ್ತಿದ್ದರೆ, ಅವಳ ಕಣ್ಣು ಆ ತಿರುವಿನ ಮೇಲೆಯೇ ಇತ್ತು.

"ಇಲ್ಲಿ ಇಳಿಜಾರು ಸಾಲ್ದು ಕಣಮ್ಮ," ಎಂದರು ಅಪ್ಪ, ತಮ್ಮ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು. "ಮಳೆ ನಿಂತ ಕೂಡ್ಲೇ ಅಳತೆ ತೆಗಿ. ನಾನೂ ಬರ್ತೀನಿ."