ಎಯೋಸ್ ಅತ್ತ ಇಬ್ಬನಿ

ನಮ್ಮ ಕಾಲಿಮ್ನಾ ದ್ವೀಪದಲ್ಲಿ ಲಿಸಿಲ್ಲಾ ಎಂಬ ನೇಯುವವಳಿದ್ದಳು. ಗಂಡ ಮೊದಲೇ ತೀರಿಕೊಂಡಿದ್ದ. ಇದ್ದೊಬ್ಬ ಮಗ ಥ್ರಾಸೋನ್, ಸಮುದ್ರದ ತಳಕ್ಕಿಳಿದು ಸ್ಪಂಜು ಕಿತ್ತು ತರುತ್ತಿದ್ದವನು, ಒಂದು ಬೇಸಿಗೆಯಲ್ಲಿ ಮುಳುಗಿದವನು ಮೇಲೆ ಬರಲಿಲ್ಲ. ಜೊತೆಯವರು ಮೂರು ದಿನ ಹುಡುಕಿ, ಬರಿಗೈಯಲ್ಲಿ ಬಂದು ಅವಳ ಮುಂದೆ ತಲೆ ತಗ್ಗಿಸಿ ನಿಂತರು.

ದೇಹ ಸಿಗದಿದ್ದರೆ ನಮ್ಮಲ್ಲಿ ಖಾಲಿ ಗೋರಿ ಕಟ್ಟಿ, ಸತ್ತವರ ಹೆಸರನ್ನು ಮೂರು ಸಲ ಕೂಗುತ್ತಾರೆ. ಎಲ್ಲೋ ಅಲೆಯುವ ಜೀವ ಆಗ ಬಂದು ನೆಲೆ ನಿಲ್ಲುತ್ತದೆ. ನೆಂಟರು ಗುಡ್ಡದ ಮೇಲೆ ಕಲ್ಲು ಜೋಡಿಸಿದರು. ಲಿಸಿಲ್ಲಾ ಬಾಯಿ ತೆರೆಯಲಿಲ್ಲ. ಕೂಗಿದರೆ ಮಗ ಸತ್ತನೆಂದು ತಾನೇ ಒಪ್ಪಿದಂತೆ. ಮೊದಮೊದಲು ಎಲ್ಲರೂ ಬುದ್ಧಿ ಹೇಳಿದರು, ಆಮೇಲೆ ಬರುವುದನ್ನೇ ಬಿಟ್ಟರು. ಅವಳು ಕಿಟಕಿಗೆ ಕಂಬಳಿ ಕಟ್ಟಿ ಒಳಗೇ ಉಳಿದಳು. ಅವನಿಲ್ಲದೆಯೂ ಬೆಳಗಾಗುತ್ತದಲ್ಲ ಎಂದು ಬೆಳಕಿನ ಮೇಲೆಯೇ ಅವಳಿಗೆ ಸಿಟ್ಟು.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮುದುಕಿ ನಿಕೆಸೋ ಬಂದಳು. ಥ್ರಾಸೋನ್‌ನ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳೇ. ಸಮಾಧಾನದ ಮಾತೊಂದನ್ನೂ ಆಡದೆ, ಕಂಬಳಿಯ ಕಡೆ ನೋಡಿ ಕೇಳಿದಳು:

"ಬೆಳಗಿನ ದೇವಿ ಎಯೋಸ್ ಮೇಲೆ ಯಾಕೇ ಮುನಿಸು? ಅವಳ ಮಗನೂ ಟ್ರಾಯ್ ಯುದ್ಧದಲ್ಲಿ ಸತ್ತ."

"ಅವಳು ದೇವತೆ. ಅವಳಿಗೇನು ನೋವು?"

"ದೇವತೆಗೆ ಸಾವಿಲ್ಲ ಕಣೇ. ನಿನ್ನ ಅಳು ನಿನ್ನ ಜೊತೆ ಮುಗಿಯುತ್ತೆ, ಅವಳದ್ದು ಮುಗಿಯೋದೇ ಇಲ್ಲ. ದಿನಾ ಬೀಳೋ ಇಬ್ಬನಿ ಏನು ಅಂದ್ಕೊಂಡೆ? ಅತ್ಕೊಂಡೇ ಬಂದು ಲೋಕಕ್ಕೆ ಬಾಗಿಲು ತೆಗೀತಾಳೆ."

ಇಷ್ಟು ಹೇಳಿ ಮುದುಕಿ ಕೋಲೂರಿಕೊಂಡು ಹೊರಟುಹೋದಳು.

ಮರುದಿನ ಕತ್ತಲು ಹರಿಯುವ ಮುಂಚೆ ಲಿಸಿಲ್ಲಾ ಗುಡ್ಡ ಹತ್ತಿದಳು. ಹುಲ್ಲಿನ ಹನಿಯನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟಳು. ಉಪ್ಪಿರಲಿಲ್ಲ. ಮುದುಕಿ ಸುಳ್ಳು ಹೇಳಿದಳೆಂದು ಬೈದುಕೊಂಡರೂ ಹೊತ್ತು ಹುಟ್ಟುವವರೆಗೆ ಕುಳಿತಳು. ಮತ್ತೆ ಹೋದಳು. ಹತ್ತು ದಿನ ಹೋದಳು. ಯಾರೂ ಕೇಳದ ಆ ಹೊತ್ತಿನಲ್ಲಿ ಕೆಂಪಾಗುವ ಆಕಾಶದೊಂದಿಗೆ ಜಗಳವಾಡಿದಳು, ನಿನ್ನ ಮಗ ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳಿದಳು, ತನ್ನವನ ಸುದ್ದಿ ಹೇಳಿದಳು.

ಹನ್ನೊಂದನೆಯ ದಿನ ಗೋರಿಯ ಪಕ್ಕ ನಿಂತು ಕೂಗಿದಳು. ಮೊದಲ ಕೂಗು ಅವಳಿಗಷ್ಟೇ ಕೇಳಿಸಿತು. ಎರಡನೆಯದು ಒಡೆದುಹೋಯಿತು. ಮೂರನೆಯ "ಥ್ರಾಸೋನ್" ಕಡಲಿನ ಮೇಲೆ ಬಹುದೂರ ಹೋಯಿತು. ಉತ್ತರ ಬರಲಿಲ್ಲ. ಬಿಸಿಲು ಕಾಲಿನವರೆಗೆ ಬರುವ ತನಕ ಅತ್ತಳು.

ಎದೆ ಹಗುರಾಯಿತೆಂದು ಅವಳು ಯಾರಿಗೂ ಹೇಳಲಿಲ್ಲ, ಆಗಿರಲೂ ಇಲ್ಲ. ಆದರೆ ಆ ಮಧ್ಯಾಹ್ನ, ಎಷ್ಟೋ ತಿಂಗಳ ಮೇಲೆ, ಅವಳಿಗೆ ಹಸಿವಾಯಿತು. ಬಾರ್ಲಿ ಬೀಸಿ ರೊಟ್ಟಿ ಸುಟ್ಟು, ನಾಲ್ಕು ಆಲಿವ್ ಕಾಯಿ ಇಟ್ಟುಕೊಂಡು, ಒಬ್ಬಳೇ ಕುಳಿತು ಪೂರ್ತಿ ತಿಂದಳು.