ಸದ್ದು ಬಾರದ ಗೂಡು

ಮಂಗಳವಾರ ಸಂಜೆ ಕಟ್ಟಕಡೆಯ ರೇಷ್ಮೆಹುಳವನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟು ಲತಾಮಣಿ ಸೊಂಟ ನೆಟ್ಟಗೆ ಮಾಡಿದಾಗ ಹುಳುಮನೆಯಲ್ಲಿ ಸದ್ದಡಗಿತ್ತು. ನಿನ್ನೆಯವರೆಗೂ ಅಷ್ಟೂ ಹುಳ ಸೊಪ್ಪು ಮೇಯುತ್ತಿದ್ದ ಸರಸರ ಸದ್ದು ಅವಳಿಗೆ ಜೊತೆಯಿದ್ದಂತಿತ್ತು. ಈಗ ಅವೂ ತಮ್ಮ ಸುತ್ತ ತಾವೇ ನೂಲು ಸುತ್ತಿಕೊಂಡು, ಒಂದೊಂದಾಗಿ ಬಾಗಿಲು ಹಾಕಿಕೊಳ್ಳತೊಡಗಿದ್ದವು.

ಮನೆಯಲ್ಲಿ ಅವಳೊಬ್ಬಳೇ. ಅಣ್ಣ ದೇವರಾಜು, ಅತ್ತಿಗೆ ಕೃಷ್ಣಮ್ಮ ಹತ್ತು ದಿನದಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಅವರ ಆರು ವರ್ಷದ ಮಗಳು ಮಾನ್ಯ ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತವಳು ತುಟಿ ನೀಲಿಗಟ್ಟಿ ಬಿದ್ದ ಮೇಲೆಯೇ ಅವಳ ಹೃದಯದಲ್ಲಿ ತೂತಿರುವುದು ಗೊತ್ತಾಗಿದ್ದು. ಸೋಮವಾರ ಆಪರೇಷನ್ ಎಂದಿದ್ದರು. ಹೋಗುವಾಗ ಮಾನ್ಯ ಆಟೊದಿಂದ ತಲೆ ಹೊರಗೆ ಹಾಕಿ, “ಅತ್ತೇ, ಹುಳ ಗೂಡು ಕಟ್ಟಿದ್ ಮೇಲೆ ನಂಗೊಂದ್ ಎತ್ತಿಡು, ಅಲ್ಲಾಡ್ಸಕ್ಕೆ” ಎಂದಿದ್ದಳು. ಬೇರೆ ಮಕ್ಕಳಿಗೆ ಗಿಲಕಿಯಿದ್ದಂತೆ ಆ ಮಗುವಿಗೆ ಗೂಡು. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗೆ ಒಣಗಿ ಗಟ್ಟಿಯಾದ ಹುಳ ಕೊಟಕೊಟ ಅನ್ನುವುದು.

ಕೂಲಿಗೆ ಜನ ಸಿಕ್ಕಿರಲಿಲ್ಲ. ಊರ ಹೆಂಗಸರನ್ನೆಲ್ಲ ಬೆಳಿಗ್ಗೆ ಆರೂವರೆಗೇ ಗಾರ್ಮೆಂಟ್ಸ್ ವ್ಯಾನು ತುಂಬಿಕೊಂಡು ಹೋಗುತ್ತಿತ್ತು. ಲತಾಮಣಿ ಬಿ.ಎ. ಮುಗಿಸಿದ್ದರೂ ಆ ವ್ಯಾನಿನ ಗಲಾಟೆಗೆ ಹೆದರಿ ಮನೆಯಲ್ಲೇ ಉಳಿದವಳು. ನಾಲ್ಕು ಜನರ ಕೆಲಸ ಒಬ್ಬಳೇ ಮಾಡುವುದು ಅವಳಿಗೆ ಕಷ್ಟವೇನಲ್ಲ. ನಾಲ್ಕು ಜನರ ಎದುರು ನಿಂತು ಒಂದು ಮಾತಾಡು ಅಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಬುಧವಾರ ಅಣ್ಣನ ಫೋನು ಬಂತು.

“ಲತಾ, ಶನಿವಾರ ಸಂಜೆ ಐದ್ರೊಳ್ಗೆ ಇನ್ನೂ ಹತ್ತು ಸಾವಿರ ಕಟ್ಬೇಕಂತೆ ಕಣವ್ವ. ಇಲ್ದಿದ್ರೆ ಸೋಮವಾರದ ಪಾಳಿ ಬೇರೆ ಮಗೀಗೆ ಹೋಯ್ತದೆ. ಆಮೇಲೆ ನಮ್ದು ಯಾವಾಗ್ಲೋ.”

“ಗೂಡು ಬಿಡ್ಸೋದೇ ಭಾನುವಾರ ಅಲ್ವಾಣ್ಣ?”

“ಅದ್ಕೇ ಯೋಳ್ತಿರೋದು. ರಾಮಲಿಂಗಯ್ಯಮಾವನ್ನ ಕೇಳು. ಎರಡು ದಿನದ್ ಮಟ್ಟಿಗೆ. ಗೂಡು ಮಾರಿ ಸೋಮವಾರವೇ ಕೊಟ್ಬುಡಾನ.”

“ನೀನೇ ಒಂದ್ ಫೋನ್ ಮಾಡ್ಬಾರ್ದಾ?”

“ಅಯ್ಯೋ, ದುಡ್ಡು ಕೇಳೋದು ಫೋನಲ್ಲಿ ಕೇಳೋ ಮಾತೇನೆ? ಮನೆಯವ್ರು ಬಾಗಿಲಿಗೆ ಹೋಗಿ ಕೇಳ್ಬೇಕು. ಕೇಳಿದ್ರೆ ಆವಯ್ಯ ಇಲ್ಲ ಅನ್ನಾಕಿಲ್ಲ. ಕೇಳ್ದಿದ್ರೆ ಎದುರಿಗೆ ಹೆಣ ಬಿದ್ದಿದ್ರೂ ಕೊಡಾಕಿಲ್ಲ. ಕೇಳ್ದಲೇ ಕೊಟ್ರೆ ಅವ್ರ ಮನೆ ಮಾನ ತೆಗ್ದಂಗೆ ಅಂತಾನೆ.”

ಗುರುವಾರ ಬೆಳಿಗ್ಗೆ ಎದ್ದವಳೇ ಅವಳು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಕಸ ಗುಡಿಸುತ್ತ ಒಮ್ಮೆ, ನೀರು ಸೇದುತ್ತ ಒಮ್ಮೆ. ‘ಮಾವ, ಪುಟ್ಟಿ ಆಪರೇಷನ್‌ಗೆ ಹತ್ತು ಸಾವಿರ ಬೇಕಾಗಿತ್ತು.’ ಇಷ್ಟೇ. ಪರೀಕ್ಷೆಯಲ್ಲಿ ಇದಕ್ಕಿಂತ ಉದ್ದದ್ದನ್ನು ಬರೆದವಳು.

ರಾಮಲಿಂಗಯ್ಯನ ಹೊಲ ಕೈಗಾರಿಕೆಗೆ ಹೋಗಿ ದುಡ್ಡು ಬಂದು ವರ್ಷವಾಗಿತ್ತು. ಹೊಸ ಮನೆಯ ಜಗಲಿಗೆ ಮುಖ ಕಾಣುವಂಥ ಗ್ರಾನೈಟ್ ಹಾಸಿದ್ದರು. ಲತಾಮಣಿ ಚಪ್ಪಲಿ ಬಿಟ್ಟು ಕಾಲಿಟ್ಟರೆ ಒದ್ದೆ ಪಾದದ ಗುರುತು ಮೂಡಿತು. ಅದನ್ನು ನೋಡಿಯೇ ಅವಳ ಅರ್ಧ ಧೈರ್ಯ ಹೋಯಿತು.

“ಬಾ ಮಗಾ, ಕೂತ್ಕೊ. ಮಗೀಗೆ ಎಂಗೈತೆ?” ಪೇಪರು ಮಡಿಸಿ ಕೇಳಿದ ರಾಮಲಿಂಗಯ್ಯ.

“ಪರವಾಗಿಲ್ಲ ಮಾವ.”

“ಆಪ್ರೇಸನ್ ಸೋಮವಾರ ಅಂತೆ?”

“ಹೂಂ ಮಾವ.”

ಒಳಗಿನಿಂದ ಕಾಫಿ ಬಂತು. ಅವಳು ಕುಡಿದಳು. ಲೋಟದ ತಳ ಕಂಡಿತು. ಮಾತು ಗಂಟಲವರೆಗೆ ಬಂದು, ಹೊಸಿಲ ಮುಂದೆ ಹೊಸ ಸೊಸೆ ನಿಂತ ಹಾಗೆ ನಿಂತುಬಿಟ್ಟಿತು.

“ಏನೋ ಕೇಳಾಕೆ ಬಂದಂಗೈತೆ?” ಅಂದ ಅವನೇ.

“ಹಳೇ ಪೇಪರ್ ಇದ್ರೆ... ಗೂಡು ಹರವೋಕೆ.”

ರಾಮಲಿಂಗಯ್ಯ ಅವಳನ್ನೇ ಒಂದು ಗಳಿಗೆ ನೋಡಿದ. ಎದ್ದು ಹೋಗಿ ಒಂದು ಕಟ್ಟು ಪೇಪರು ತಂದುಕೊಟ್ಟ. “ಇನ್ನೇನೂ ಬ್ಯಾಡ್ವಾ ಮಗಾ?”

“ಇಲ್ಲ ಮಾವ.”

ದಾರಿಯುದ್ದಕ್ಕೂ ಪೇಪರಿನ ಕಟ್ಟು ಕಂಕುಳಲ್ಲಿ ಕಲ್ಲಿನಂತೆ ಭಾರವಾಗಿತ್ತು. ರಾತ್ರಿ ಅಣ್ಣ ಫೋನು ಮಾಡಿ “ಕೇಳಿದ್ಯಾ?” ಎಂದಾಗ, “ಶನಿವಾರ ದುಡ್ಡು ತತ್ತೀನಿ” ಎಂದಳು. ಸುಳ್ಳಲ್ಲ. ಆ ಹೊತ್ತಿಗೆ ಅವಳು ಬೇರೊಂದು ದಾರಿ ಹುಡುಕಿಕೊಂಡಿದ್ದಳು. ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ ಮಾಡಬಹುದಾದ ದಾರಿ.

ಶುಕ್ರವಾರ ಬೆಳಿಗ್ಗೆ ಚಂದ್ರಿಕೆಗಳನ್ನು ಅಂಗಳಕ್ಕೆ ತಂದು ಗೂಡು ಬಿಡಿಸತೊಡಗಿದಳು. ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ಬೇಲಿಯಾಚೆಯಿಂದ ಕಂಡು ಬಾಯಿ ಮೇಲೆ ಕೈಯಿಟ್ಟಳು.

“ಏನೇ ಇದು! ಮಂಗಳವಾರ ಬುಟ್ಟ ಹುಳ, ಸುಕ್ರವಾರಕ್ಕೆಲ್ಲ ಬಿಡುಸ್ತಾರಾ? ಮೂರ್ ದಿನದ ಬಾಣಂತಿನ ಗದ್ದೆ ನಾಟಿಗೆ ಎಬ್ಸಿದಂಗಾಯ್ತು!”

“ನಾಳೆ ರೇಟು ಚೆನ್ನಾಗಿರ್ತದಂತೆ ದೊಡ್ಡಮ್ಮ.”

“ರೇಟು ಗೂಡಿಗೋ, ನಿನ್ ಮೂತಿಗೋ? ಒಳ್ಗಿನ ಹುಳ ಇನ್ನೂ ಹಸಿ ಕಣೇ. ಒಡೆದ್ರೆ ನೂಲೆಲ್ಲ ಕರೆ. ಓದಿದೋಳು ನೀನು, ನಾ ಯೋಳ್ಬೇಕಾ?”

ಹೇಳಬೇಕಿರಲಿಲ್ಲ. ಹುಟ್ಟಿದಾಗಿನಿಂದ ಹುಳುಮನೆಯಲ್ಲೇ ಬೆಳೆದವಳು. ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. ಮತ್ತೊಂದು. ಅದೂ ಮೂಕ. ಆದರೂ ಅವಳ ಬೆರಳುಗಳು ಬಿಡಿಸುತ್ತಲೇ ಹೋದವು, ಸಂಜೆಯವರೆಗೆ. ಒಂದೇ ಒಂದು ಗೂಡನ್ನು, ಇದ್ದುದರಲ್ಲಿ ಬೆಳ್ಳಗಿನದನ್ನು, ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.

ಶನಿವಾರ ಬೆಳಗಾಗುವ ಮುಂಚೆ ಹಾಲಿನವರ ಲಗೇಜ್ ಆಟೊದಲ್ಲಿ ಚೀಲಗಳ ನಡುವೆ ಕೂತು ರಾಮನಗರ ಸೇರಿದಳು. ಆಟೊ ಗುಂಡಿಗೆ ಇಳಿದಾಗಲೆಲ್ಲ ಚೀಲದ ಮೇಲೆ ಕೈಯಿಡುತ್ತಿದ್ದಳು, ಒಳಗೆ ಮಗು ಮಲಗಿದೆಯೇನೋ ಅನ್ನುವಂತೆ.

ಗೂಡಿನ ಮಾರ್ಕೆಟ್ಟು ಜನದಿಂದ ಗಿಜಿಗುಡುತ್ತಿತ್ತು. ಉದ್ದಕ್ಕೂ ತೊಟ್ಟಿಗಳು, ತೊಟ್ಟಿಗೊಂದು ನಂಬರು, ನಂಬರಿಗೊಬ್ಬ ರೈತ. ಕಣ್ಣಿಗೆ ಬಿದ್ದಷ್ಟು ದೂರ ಗಂಡಸರೇ. ನೂಲು ತೆಗೆಯುವ ರೀಲರುಗಳು ತೊಟ್ಟಿಗೆ ಕೈಹಾಕಿ, ಗೂಡೆತ್ತಿ, ಕಿವಿಗೆ ಹಿಡಿದು ಮುಂದೆ ಹೋಗುತ್ತಿದ್ದರು. ಅವಳ ತೊಟ್ಟಿಯ ಹತ್ತಿರ ಬಂದವರು ಒಂದು ಗೂಡು ಅಲ್ಲಾಡಿಸಿ, ಇನ್ನೊಂದನ್ನು ಅಲ್ಲಾಡಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನ್ಲಾ ಇದು, ಮೌನವ್ರತ ಹಿಡಿದವೆ!” ಅಂದ ಒಬ್ಬ.

“ಯಜಮಾನಿನೂ ಅಂಗೇ ನಿಂತೌಳೆ, ನೋಡ್ಲಾ” ಅಂದ ಇನ್ನೊಬ್ಬ. ನಕ್ಕರು. ಲತಾಮಣಿ ತೊಟ್ಟಿಯ ಅಂಚನ್ನೇ ನೋಡುತ್ತ ನಿಂತಳು.

ಆಗ ಬಂದವಳು ಖುರ್ಷಿದಾ. ಸ್ವಂತ ನಾಲ್ಕು ಒಲೆಯಿಟ್ಟು ನೂಲು ತೆಗೆಸುವ ಹೆಂಗಸು. ತಲೆ ಮೇಲೆ ಸೆರಗು, ಬೆರಳುಗಳು ಬಿಸಿನೀರಲ್ಲಿ ಬೆಂದು ಸುಕ್ಕಾಗಿದ್ದವು. ಒಂದು ಗೂಡನ್ನು ಬ್ಲೇಡಿನಿಂದ ಕೊಯ್ದು ಅಂಗೈ ಮೇಲೆ ಬಡಿದಳು. ಹಳದಿ ನೀರು ಹರಿಯಿತು.

“ಯಾರಮ್ಮಾ ಬಿಡ್ಸಿದ್ದು ಇದ್ನ?”

“ನಾನೇ.”

“ತಿಳೀದೆ ಮಾಡಿದ್ಯಾ, ತಿಳ್ದು ಮಾಡಿದ್ಯಾ?”

ಲತಾಮಣಿ ತೊಟ್ಟಿಯ ಅಂಚಿಗೆ ಉರುಳಿದ್ದ ಗೂಡುಗಳನ್ನು ಒಳಗೆ ತಳ್ಳಿದಳು.

“ಇನ್ನೆರಡು ದಿನ ಬಿಟ್ಟಿದ್ರೆ ಈ ಮಾಲಿಗೆ ಇವ್ರ ಜೊತೆ ಜಗಳ ಆಡಿ ತಗೋತಿದ್ದೆ. ಈಗ ಅರ್ಧ ರೇಟು. ವಾಪಸ್ ತಗೊಂಡೋದ್ರೆ ಅದೂ ಇಲ್ಲ, ಆಟೊ ಕುಲುಕಿಗೆ ಆಗ್ಲೇ ಒಡೆದೋಗವೆ.” ಸ್ವಲ್ಪ ತಡೆದು, “ಯಾಕಮ್ಮ ಇಷ್ಟು ಅರ್ಜೆಂಟು?” ಎಂದಳು.

ಯಾಕೋ, ಆ ಬೆಂದ ಬೆರಳು ನೋಡುತ್ತಲೇ ಲತಾಮಣಿಯ ಬಾಯಿಂದ ಮಾತು ಬಿತ್ತು. “ನಮ್ಮಣ್ಣನ ಮಗಳಿಗೆ ಆಪರೇಷನ್. ಸಂಜೆ ಐದಕ್ಕೆ ಕಟ್ಬೇಕು. ಕೇಳೋಕೆ ಹೋಗಿದ್ದೆ ಒಬ್ರನ್ನ. ಕೇಳ್ಳಿಲ್ಲ.”

“ಕೊಡ್ಲಿಲ್ವಾ?”

“ಕೊಡ್ತಿದ್ರು. ನಾನು ಕೇಳ್ಳಿಲ್ಲ.”

ಖುರ್ಷಿದಾ ಕರುಣೆ ತೋರಲಿಲ್ಲ, ರೇಟೂ ಏರಿಸಲಿಲ್ಲ. ಅವಳದ್ದೂ ಹೊಟ್ಟೆಪಾಡು. “ಆ ಅಲ್ಲಾ ಬಾಯಿ ಕೊಟ್ಟಿರೋದು ಯಾತಕ್ಕಮ್ಮ? ಹುಳ ಮಾತ್ರ ಹಸೀದು ಅನ್ಕೊಂಡಿದ್ದೆ” ಎಂದು ಗೊಣಗಿ ಹರಾಜಿನವನಿಗೆ ಕೈಯೆತ್ತಿದಳು.

ಚೀಟಿ ಬರೆದರು. ಎರಡು ತಿಂಗಳ ಬೆಳೆ ಅರ್ಧಕ್ಕೆ ಹೋಯಿತು. ಕೈಗೆ ಬಂದದ್ದು ಐದು ಸಾವಿರದ ಚಿಲ್ಲರೆ. ಲತಾಮಣಿ ಮಾರ್ಕೆಟ್ಟಿನ ಗೋಡೆಗೆ ಮುಖ ಮಾಡಿ, ಅಲ್ಲಿ ಯಾರೂ ಇಲ್ಲ ಎಂದುಕೊಂಡು ನಂಬರು ಒತ್ತಿದಳು. ಅತ್ತ ಫೋನೆತ್ತಿದ ಸದ್ದಾದದ್ದೇ ತಡ, ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟಳು: “ಮಾವ, ನಾನು ಲತಾ. ಪುಟ್ಟಿ ಆಪರೇಷನ್‌ಗೆ ಐದು ಸಾವಿರ ಬೇಕು. ಇವತ್ತೇ ಬೇಕು. ಫೋನಲ್ಲಿ ಕೇಳ್ತಿದ್ದೀನಿ, ತಪ್ಪು ತಿಳೀಬೇಡಿ.”

ಆ ಕಡೆಯಿಂದ ರಾಮಲಿಂಗಯ್ಯನ ದನಿ ಬಂತು. ಬೈಗುಳವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಗುರುವಾರ ನೀ ಬಂದಾಗ ಹತ್ತು ಸಾವಿರ ನನ್ ಅಂಗಿ ಜೇಬಲ್ಲೇ ಇತ್ತು ಕಣವ್ವ. ಎರಡು ಸಲ ಕೇಳ್ದೆ ನಿನ್ನ.”

“ಗೊತ್ತು ಮಾವ.”

“ಪೇಪರ್ ತಗಂಡೋದೆ.”

“ಹೂಂ ಮಾವ.”

“ಗೂಡು ಬಿಡಿಸ್ಬುಟ್ಯಂತೆ? ದೊಡ್ಡಲಕ್ಷ್ಮಿ ಯೋಳುದ್ಲು. ಥತ್!” ಅವನು ನಿಟ್ಟುಸಿರು ಬಿಟ್ಟ. “ನಮ್ಮ ಅಳಿಯ ಬಿಡದಿ ಫ್ಯಾಕ್ಟ್ರಿಲವ್ನೆ. ಬಸ್‌ಸ್ಟ್ಯಾಂಡ್ ತಾವ ದುಡ್ಡು ಹಿಡ್ಕಂಡು ನಿಂತಿರ್ತಾನೆ. ನೀ ಬೆಂಗ್ಳೂರ್ ಬಸ್ ಹತ್ತು. ಇಳೀಬ್ಯಾಡ, ಕಿಟಕೀಲೇ ಈಸ್ಕೊ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಮುಖ ಒರೆಸಿಕೊಳ್ಳಲೂ ಇಲ್ಲ. ಪಕ್ಕದಲ್ಲಿದ್ದವರು ಯಾರೂ ಏನೂ ಕೇಳಲಿಲ್ಲ. ಬಿಡದಿಯಲ್ಲಿ ನೀಲಿ ಯೂನಿಫಾರ್ಮಿನ ಅಳಿಯ ಓಡಿಬಂದು ಕವರು ಕೊಟ್ಟ. ಅವಳು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ನಾಲ್ಕೂ ಮುಕ್ಕಾಲಿಗೆ ದೇವರಾಜು ಕೌಂಟರಿನಲ್ಲಿ ದುಡ್ಡು ಕಟ್ಟಿ ರಸೀದಿ ತಂದ. ಗಡ್ಡ ಬೆಳೆದು ಅಣ್ಣ ಅಪ್ಪನ ಹಾಗೆ ಕಾಣುತ್ತಿದ್ದ. “ಕೇಳೋಕೆ ಇಷ್ಟು ದಿನ ಹೆದರ್ತಿದ್ದೆ. ನೋಡ್ದಾ, ಎಷ್ಟು ಸಲೀಸಾಯ್ತು?” ಎಂದ. “ಬಾ, ಸೋಮವಾರ ಗೂಡು ಮಾರಿ ಮಾವನ್ದು ತೀರಿಸ್ಬುಡಾನ.”

“ಅಣ್ಣ, ಗೂಡು ಮಾರ್ಬುಟ್ಟೆ” ಎಂದಳು ಲತಾಮಣಿ. “ಹಸಿ ಇದ್ದಾಗ್ಲೇ. ಅರ್ಧಕ್ಕೆ. ಮಾವನ್ನ ಗುರುವಾರ ಕೇಳಿರ್ಲಿಲ್ಲ.”

ದೇವರಾಜು ರಸೀದಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ನೀರಿನ ಬಾಟಲಿ ತುಂಬಿಸಿಕೊಂಡು ಬರಲು ಹೋದ. ಬಾಟಲಿ ತುಂಬಿಯೇ ಇತ್ತು.

ವಾರ್ಡಿನಲ್ಲಿ ಮಾನ್ಯ ದಿಂಬಿಗೊರಗಿ ಕೂತಿದ್ದಳು. ಅತ್ತೆಯನ್ನು ಕಂಡವಳೇ ಕೈ ಚಾಚಿದಳು. ಲತಾಮಣಿ ಕರವಸ್ತ್ರ ಬಿಚ್ಚಿ ಗೂಡು ಕೊಟ್ಟಳು. ಮಗು ಕಿವಿಗೆ ಹಿಡಿದು ಅಲ್ಲಾಡಿಸಿತು. ಇನ್ನೊಂದು ಕಿವಿಗೆ ಹಿಡಿಯಿತು.

“ಸದ್ದೇ ಬರ್ತಿಲ್ಲ ಅತ್ತೆ.”

“ಇನ್ನೂ ಹಸಿ ಕಣ್ ಪುಟ್ಟಿ. ಅಲ್ಲಾಡಿಸ್ಬೇಡ. ದಿಂಬಿನ ಪಕ್ಕ ಇಟ್ಕೊ.”

“ಯಾವಾಗ ಬತ್ತದೆ?”

“ಎರಡು ದಿನ ಬಿಟ್ಟು.”

ಮಾನ್ಯ ಬೆರಳು ಮಡಿಸಿದಳು. “ನಾಳೆ ಭಾನುವಾರ. ನಾಳಿದ್ದು ನಂಗೆ ಆಪ್ರೇಸನ್. ನಂಗೆ ನಿದ್ದೆ ಬರ್ಸಿಬಿಡ್ತಾರಂತೆ. ಆಗ ನೀನು ಕೇಳಿಸ್ಕೊಂಡು ನಂಗೆ ಯೋಳು.”

“ಯೋಳ್ತೀನಿ” ಎಂದಳು ಲತಾಮಣಿ.